ಮೊದಲ ಇಂಚು

ನನ್ನ ತಮ್ಮನ ಹೆಂಡತಿಗೆ ಗುಂಡುಸೂಜಿ ಎಂದು ಹೆಸರಿಟ್ಟವಳು ನಾನೇ. ಪ್ರೀತಿಯಿಂದ ಇಟ್ಟದ್ದಲ್ಲ. ಮದುವೆಯಾಗಿ ಬಂದ ಮೂರನೆಯ ವಾರಕ್ಕೇ ಅವಳು ಅಂಗಡಿಗೆ ಬಂದು, ನನ್ನ ಸ್ಟೂಲಿನ ಮೇಲೆ ಕೂತು, ನಾಲ್ಕು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಗಿರಾಕಿಯೊಬ್ಬರ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ಆಳೂ ಹಾಗೆಯೇ, ಮೈ ಸಣಕಲು, ತಲೆ ಮಾತ್ರ ದುಂಡಗೆ. ಹೆಸರು ಅಂಟಿಕೊಂಡಿತು. ಆಮೇಲೆ ಗಿರಾಕಿಗಳೂ ಹಾಗೆಯೇ ಕರೆಯತೊಡಗಿದರು, ಆದರೆ ಅವರ ಬಾಯಲ್ಲಿ ಅದು ಮುದ್ದಿನ ಹೆಸರಾಯಿತು. ನಾನು ಇಟ್ಟ ಹೆಸರೂ ನನ್ನ ಪಾಲಿಗೆ ಉಳಿಯಲಿಲ್ಲ.

ನಮ್ಮದು ದರ್ಜಿ ಅಂಗಡಿ. ಮುಂದೆ ಗಾಜಿನ ಬಾಗಿಲು, ಒಳಗೆ ಗೋಡೆಯುದ್ದಕ್ಕೂ ಹೊಲಿಗೆ ಮಷಿನ್ನುಗಳು, ಹಿಂದುಗಡೆ ಇಸ್ತ್ರಿ ಮೇಜು, ನಟ್ಟನಡುವೆ ಅಪ್ಪನ ಕಟಿಂಗ್ ಟೇಬಲ್ಲು. ತಮ್ಮ ಮಷಿನ್ನಿಗೆ ಕೂರುತ್ತಿದ್ದ. ಅಳತೆ ತೆಗೆಯುವುದು, ಕಾಜಾ, ಗುಂಡಿ ನನ್ನವು. ಕತ್ತರಿ ಅಪ್ಪನದು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿಸಿದ ಬಟ್ಟೆಯನ್ನು ಕೂಡಿಸುವುದಕ್ಕಾಗುವುದಿಲ್ಲ. ಹಾಗಾಗಿ ಕತ್ತರಿ ಹಿಡಿದವರೇ ಅಂಗಡಿಯ ಯಜಮಾನರು, ಅವರ ಮಾತೇ ಕೊನೆ. ಅಪ್ಪನ ನಂತರ ಅದು ನನಗೆ ಎಂದು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ. ಅಂಗಡಿಯ ಕೆಲಸದಲ್ಲಿ ಮದುವೆಯಾಗಲು ಪುರಸೊತ್ತೇ ಸಿಗಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅರ್ಧದಷ್ಟು ನಿಜ.

ನಮ್ಮ ಅಂಗಡಿಯ ಟೇಪಿನ ವಿಷಯ ಇಲ್ಲೇ ಹೇಳಿಬಿಡಬೇಕು. ನಾನು ಹತ್ತು ವರ್ಷದವಳಿದ್ದಾಗ ಅಳತೆ ಟೇಪಿನ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟುಬಿಟ್ಟೆ. ಮೊದಲ ಇಂಚು ಸುಟ್ಟು ಕರಕಲಾಯಿತು. "ಒಂದಿಂಚಿಗೋಸ್ಕರ ಇಡೀ ಟೇಪು ಎಸೀತಾರೇನೇ?" ಎಂದು ಅಪ್ಪ ಸುಟ್ಟ ತುದಿಯನ್ನು ಕತ್ತರಿಸಿ ಹಾಕಿದರು. ಅಂದಿನಿಂದ ಆ ಟೇಪು ಒಂದರಿಂದ ಶುರು. ಹದಿನೆಂಟು ಇಂಚಿನ ಭುಜ ಅದರಲ್ಲಿ ಹತ್ತೊಂಬತ್ತು ತೋರಿಸುತ್ತದೆ. ಅಳತೆ ತೆಗೆದವರು ಕಂಡದ್ದನ್ನು ಕಂಡ ಹಾಗೆ ಕೂಗುವುದು, ಹಾಗೆಯೇ ಪುಸ್ತಕದಲ್ಲಿ ಬರೆಯುವುದು, ಕತ್ತರಿಸುವವರು ಮನಸ್ಸಿನಲ್ಲೇ ಒಂದು ಕಳೆಯುವುದು. ಅದೇ ರೂಢಿಯಾಯಿತು. ಟೇಪು ಹಳತಾಗಿ ಹೊಸದು ತಂದರೂ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಅದರ ಮೂತಿ ಕತ್ತರಿಸುವುದು. ಅಳತೆ ಪುಸ್ತಕದ ತುಂಬ ಅದೇ ಲೆಕ್ಕ ಇದ್ದ ಮೇಲೆ ಬೇರೆ ದಾರಿ ಏನಿತ್ತು?

ಅದರಿಂದ ಒಮ್ಮೆ ಲಾಭವೂ ಆಯಿತು. ನಮ್ಮಲ್ಲಿದ್ದ ಕೆಲಸಗಾರನೊಬ್ಬ ಅಳತೆ ಪುಸ್ತಕವನ್ನು ಗುಟ್ಟಾಗಿ ನಕಲು ಮಾಡಿಕೊಂಡು, ಎರಡು ಬೀದಿ ಆಚೆ ಸ್ವಂತ ಅಂಗಡಿ ಹಾಕಿ, ನಮ್ಮ ಗಿರಾಕಿಗಳನ್ನೆಲ್ಲ ಎಳೆದುಕೊಂಡ. ಮನಸ್ಸಿನಲ್ಲೇ ಒಂದು ಕಳೆಯುವ ಗುಟ್ಟು ಅವನಿಗೆ ಗೊತ್ತಿರಲಿಲ್ಲ, ಹೊಲಿದದ್ದೆಲ್ಲ ಒಂದೊಂದು ಇಂಚು ದೊಗಳೆ. ತಿಂಗಳೊಳಗೆ ಗಿರಾಕಿಗಳು ಅಂಗಿಯ ತೋಳು ಮಡಚಿಕೊಂಡು ವಾಪಸು ಬಂದರು. ಅಪ್ಪ ಆ ವಾರವಿಡೀ ನಗುತ್ತಲೇ ಇದ್ದರು.

ಇನ್ನು ಗುಂಡುಸೂಜಿ. ಬರುವಾಗ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ ಎಂದು ಹೇಳಿಕೊಳ್ಳುತ್ತಾಳೆ. ಎರಡು ವರ್ಷದಲ್ಲಿ ಕೋಟಿನ ಕಾಲರು ಕೂರಿಸುವುದನ್ನು ಕಲಿತಳು, ಅದೂ ನನ್ನಿಂದ. ಅಪ್ಪನ ಕಾಲದಲ್ಲಿ ನಮ್ಮ ಅಂಗಡಿಗೆ ಗೊತ್ತಿದ್ದದ್ದು ಒಂದೇ ತಾರೀಖು, ನಾಳೆ. ಇವಳು ಚೀಟಿಯ ಮೇಲೆ ದಿನ ಬರೆದುಕೊಟ್ಟು, ಆ ದಿನಕ್ಕೆ ಸರಿಯಾಗಿ ಬಟ್ಟೆ ಕೊಡುವ ಹೊಸ ಚಾಳಿ ಶುರುಮಾಡಿದಳು. ಟ್ರಯಲ್ ಕೋಣೆಗೆ ಆಳೆತ್ತರದ ಕನ್ನಡಿ ಹಾಕಿಸಿದಳು. ಶಾಲೆಗಳಿಗೆ ತಾನೇ ಹೋಗಿ ಯೂನಿಫಾರ್ಮಿನ ಕೆಲಸ ತಂದಳು. ಎರಡು ಮಷಿನ್ನು ಆರಾದವು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು.

ಬಾಗಿಲು ತೆರೆದು ಬಂದವರು ಎದುರಿಗೇ ಕೂತ ನನ್ನನ್ನು ದಾಟಿ ಒಳಗೆ ಇಣುಕಿ, "ಗುಂಡುಸೂಜಿ ಇಲ್ವಾ?" ಎನ್ನುತ್ತಿದ್ದರು. ನಾನೇನು ಗೋಡೆಗೆ ಹೊಡೆದ ಮೊಳೆಯೇ? ಅಪ್ಪನಂತೂ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ನಾನು ಎರಡು ದಶಕ ಚಹಾ ಕೊಟ್ಟೆ, ಸುಮ್ಮನೆ ಕುಡಿದರು. ಅವಳು ಕೊಟ್ಟ ದಿನ, "ಸೊಸೆ ಕೈ ಚಹಾ ಅಂದ್ರೆ ಹೀಗಿರ್ಬೇಕು" ಎಂದರು. ಅದೇ ಪುಡಿ, ಅದೇ ಹಾಲು, ಪಾತ್ರೆ ಕೂಡ ಅದೇ. ಅವಳು ನನ್ನೊಡನೆ ಒಂದು ದಿನವೂ ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. ಒಮ್ಮೆ ನನಗೆಂದು ದುಂಡನೆ ಡಬ್ಬಿಯೊಳಗಿನ ಹೊಸ ಟೇಪು ತಂದುಕೊಟ್ಟಳು, ಗುಂಡಿ ಒತ್ತಿದರೆ ಸರ್ರನೆ ಒಳಗೆ ಓಡಿಹೋಗುವಂಥದ್ದು. "ಅತ್ತಿಗೆ, ಕುತ್ತಿಗೆಗೆ ಹಾಕ್ಕೊಂಡು ಓಡಾಡೋ ಕಷ್ಟ ಇಲ್ಲ ನೋಡಿ ಇದ್ರಲ್ಲಿ" ಎಂದಳು. ಅಪ್ಪನಿಗೆ ತೋರಿಸದೆ ಅದನ್ನು ಡ್ರಾಯರಿಗೆ ಎಸೆದೆ. ಅದರ ಮೊದಲ ಇಂಚು ಹಾಗೆಯೇ ಉಳಿಯಿತು.

ಅಪ್ಪನ ಕೈ ನಡುಗತೊಡಗಿತು. ಸೀಮೆಸುಣ್ಣದ ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ. ಅದೇ ಸಮಯಕ್ಕೆ ದೊಡ್ಡ ಹೋಟೆಲಿನಿಂದ ನಲವತ್ತು ಕೋಟಿನ ಕೆಲಸ ಬಂತು. ತಂದವಳು ಯಾರೆಂದು ಬೇರೆ ಹೇಳಬೇಕಿಲ್ಲ. ಊಟದ ಹೊತ್ತಿಗೆ ಅಪ್ಪ ಎಲ್ಲರೆದುರೂ ಹೇಳಿದರು: "ಈ ಸಲ ಸೊಸೆ ಕತ್ತರಿಸ್ಲಿ. ಸರಿಯಾಗಿ ಮಾಡಿದ್ಲು ಅಂದ್ರೆ ಕತ್ತರಿ ಅವಳಿಗೇ."

"ಮಾವ, ಅತ್ತಿಗೆ ಇದಾರಲ್ಲ" ಎಂದಳು ಅವಳು.

"ಅವಳು ಅಳತೆಗೆ ಇದಾಳೆ" ಎಂದರು ಅಪ್ಪ. ಇಪ್ಪತ್ತಾರು ವರ್ಷಕ್ಕೆ ಸಿಕ್ಕ ಉತ್ತರ ಅಷ್ಟೇ.

ಮರುದಿನ ಬೆಳಗ್ಗೆ ಹೋಟೆಲಿಗೆ ಅಳತೆ ತೆಗೆಯಲು ನಾನು ಮತ್ತು ತಮ್ಮ ಹೊರಟೆವು. ಅಂಗಡಿಯ ಟೇಪು ಗೂಟದಲ್ಲಿ ನೇತಾಡುತ್ತಿತ್ತು. ನಾನು ಡ್ರಾಯರು ತೆರೆದು ಗುಂಡಿ ಒತ್ತುವ ಟೇಪನ್ನು ಚೀಲಕ್ಕೆ ಹಾಕಿಕೊಂಡೆ. ಅಚಾತುರ್ಯದಿಂದ ಆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೇನೂ ಅಲ್ಲ. ಬೇಕೆಂದೇ ಹಾಕಿಕೊಂಡೆ. ನಲವತ್ತು ಜನ ಸಾಲಾಗಿ ಬಂದು ನಿಂತರು. ನಾನು ಕೂಗುತ್ತಾ ಹೋದೆ, ತಮ್ಮ ತಲೆ ಬಗ್ಗಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದ. ಕಣ್ಣೆತ್ತಿ ಟೇಪು ನೋಡುವ ಪೈಕಿ ಅವನಲ್ಲ. ಇದ್ದದ್ದನ್ನು ಇದ್ದ ಹಾಗೆ ಕೂಗಿದೆ, ಒಂದು ಸುಳ್ಳನ್ನೂ ಹೇಳಲಿಲ್ಲ. ಗುಂಡುಸೂಜಿ ರೂಢಿಯಂತೆ ಒಂದು ಕಳೆಯುತ್ತಾಳೆ, ಉಳಿದದ್ದು ತಾನಾಗಿಯೇ ಆಗುತ್ತದೆ ಎಂದು ಗೊತ್ತಿತ್ತು.

ಎರಡು ದಿನದಲ್ಲಿ ಅವಳು ಹನ್ನೊಂದು ಕೋಟು ಕತ್ತರಿಸಿದಳು. ನಿಜ ಹೇಳಬೇಕೆಂದರೆ, ಅವಳು ಕತ್ತರಿಸುವುದು ನೋಡಲು ಚೆಂದವಿತ್ತು. ಬಟ್ಟೆ ಅವಳ ಕೈಕೆಳಗೆ ಮಿಸುಕುತ್ತಿರಲಿಲ್ಲ. ಅದನ್ನು ನೋಡಿ ಮತ್ತಷ್ಟು ಉರಿಯಿತು.

ಮೊದಲ ಟ್ರಯಲ್‌ಗೆ ಹೋಟೆಲಿನ ಬಾಗಿಲು ಕಾಯುವವನು ಬಂದ. ಅವನು ನಮ್ಮ ಹಳೆಯ ಗಿರಾಕಿಯೂ ಹೌದು. ಕೋಟು ತೊಡಿಸಿದರೆ ಗುಂಡಿ ಸೇರಲೊಲ್ಲದು, ತೋಳು ಮಣಿಕಟ್ಟಿನಿಂದ ಮೇಲಕ್ಕೆ. ತೋಳಿನ ಅಂಚು ಬಿಚ್ಚಿ ಇಳಿಸಬಹುದಿತ್ತು, ಭುಜಕ್ಕೆ ಏನು ಮಾಡುವುದು? ಬೆನ್ನಿನ ಬಟ್ಟೆ ಬಿಗಿದು, ಮನುಷ್ಯ ಎರಡು ಕೈಯನ್ನೂ ಅರ್ಧ ಎತ್ತಿಕೊಂಡೇ ನಿಂತಿದ್ದ. "ಬಾಗಿಲು ತೆಗೆಯೋದು ಹೇಗಮ್ಮಾ ಇದ್ರಲ್ಲಿ? ಕಾಲಲ್ಲಿ ಒದೀಬೇಕಾ?" ಎಂದು ಕೇಳಿದ. ಯಾರೂ ನಗಲಿಲ್ಲ. ಅಪ್ಪ ಕುರ್ಚಿಯಿಂದ ಎದ್ದು ಬಂದು, ಸೊಸೆಯಿಂದ ಪುಸ್ತಕದ ಅಂಕಿ ಓದಿಸಿಕೊಂಡು, ಉಳಿದ ಹತ್ತನ್ನೂ ಅಳೆದರು. ಎಲ್ಲವೂ ಪುಸ್ತಕದ ಲೆಕ್ಕಕ್ಕೆ ಒಂದಿಂಚು ಕಡಿಮೆ, ಅಂದರೆ ಕತ್ತರಿಸಿದ್ದು ಸರಿಯಾಗಿಯೇ ಇತ್ತು. ಅಪ್ಪ ತಲೆ ಕೆರೆದುಕೊಂಡರು.

ಗುಂಡುಸೂಜಿ ಅಳತೆ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದಳು. ಬಾಗಿಲು ಕಾಯುವವನ ನಾಲ್ಕು ವರ್ಷದ ಹಿಂದಿನ ಪುಟ ಹುಡುಕಿ, ಈ ಸಲದ ಪುಟದ ಪಕ್ಕಕ್ಕೆ ಹಿಡಿದಳು. ನಾನು ಅವಳ ಹಿಂದೆಯೇ ನಿಂತಿದ್ದೆ, ನನಗೂ ಕಂಡಿತು. ಅಲ್ಲಿ ಭುಜ ಹತ್ತೊಂಬತ್ತು, ಇಲ್ಲಿ ಹದಿನೆಂಟು. ಅಲ್ಲಿ ತೋಳು ಇಪ್ಪತ್ತೈದು, ಇಲ್ಲಿ ಇಪ್ಪತ್ತನಾಲ್ಕು. ಮನುಷ್ಯನ ಹೊಟ್ಟೆ ಏರೀತು, ಇಳಿದೀತು, ತೋಳು ಗಿಡ್ಡವಾಗುವುದುಂಟೇ? ಅವಳು ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಗೂಟದ ಟೇಪು ನೋಡಿದಳು. ಪುಸ್ತಕ ಮುಚ್ಚಿದಳು.

"ಮಾವ, ತಪ್ಪು ನಂದೇ" ಎಂದಳು. "ಪುಸ್ತಕಕ್ಕೆ ಇಳಿಸಿಕೊಳ್ಳೋವಾಗ್ಲೇ ಒಂದು ಕಳೆದು ಬರ್ದಿದ್ದೆ. ಕತ್ತರಿಸೋವಾಗ ಮರೆತು ಮತ್ತೆ ಕಳೆದ್ಬಿಟ್ಟೆ."

ತಮ್ಮ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಪುಸ್ತಕದಲ್ಲಿ ಅವನು ಬರೆದ ಅಕ್ಷರ ಅಪ್ಪನಿಗೆ ಗುರುತು ಸಿಗಬಹುದಿತ್ತು, ಕನ್ನಡಕ ಹಾಕಿಕೊಂಡಿದ್ದರೆ. ಅವರು ಹಾಕಿಕೊಳ್ಳಲಿಲ್ಲ. ಸೊಸೆಯ ಮಾತನ್ನು ಅವರು ಎಂದಾದರೂ ಅನುಮಾನಿಸಿದ್ದುಂಟೇ? ಕತ್ತರಿಯನ್ನು ಟೇಬಲ್ಲಿನಿಂದ ಎತ್ತಿ ನನ್ನ ಕೈಗೆ ಕೊಟ್ಟರು. "ಮರೆಯೋರ ಕೈಗೆ ಇದಲ್ಲ. ನೀನೇ ಹಿಡಿ" ಎಂದರು. ಆ ಮಾತಿಗಾಗಿ ಇಪ್ಪತ್ತಾರು ವರ್ಷ ಕಾದಿದ್ದೆ. ಬಂದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಇಬ್ಬರೂ ಕೂತು ಹಾಳಾದ ಕೋಟುಗಳ ಹೊಲಿಗೆ ಬಿಚ್ಚುತ್ತಿದ್ದೆವು. ಸಣ್ಣ ಮಕ್ಕಳ ಯೂನಿಫಾರ್ಮಿನ ಜೇಬಿಗಾದರೂ ಬಟ್ಟೆ ಬರಲಿ ಎಂದು.

"ಯಾಕೆ ಹಾಗೆ ಹೇಳ್ದೆ?" ಎಂದು ಕೇಳಿದೆ.

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. "ನಿಜ ಹೇಳಿದ್ರೆ ಮಾವ ನಿಮ್ಮನ್ನ ಅಂಗಡೀಲಿ ಇಟ್ಕೋತಿದ್ರಾ? ಅಷ್ಟು ಬೇಕಿತ್ತಾ ಅತ್ತಿಗೆ ಆ ಕತ್ತರಿ ನಿಮಗೆ? ನನ್ನ ಕೇಳಿದ್ರೆ ನಾನೇ ಕೊಡಿಸ್ತಿದ್ದೆ."

ಕೆನ್ನೆಗೆ ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ. ನಾನು ಬದುಕಿಡೀ ಬಯಸಿದ್ದನ್ನು ಅವಳು ಕೊಡಿಸುತ್ತಿದ್ದಳಂತೆ. ಕೊಡಿಸಬಲ್ಲಳು ಎಂಬುದೂ ಸತ್ಯವೇ. ಅದಕ್ಕೆ ಇವತ್ತಿಗೂ ಅವಳ ಮೇಲೆ ಹಲ್ಲು ಕಡಿಯುತ್ತೇನೆ.

ಹನ್ನೊಂದಕ್ಕೂ ಹೊಸ ಬಟ್ಟೆ ತಂದು, ಚೀಟಿಯಲ್ಲಿ ಬರೆದ ದಿನಕ್ಕೇ ನಲವತ್ತು ಕೋಟನ್ನೂ ಕೊಟ್ಟೆವು. ಇದೆಲ್ಲ ಆಗಿ ಏಳು ವರ್ಷವಾಯಿತು. ಅಪ್ಪ ಈಗಿಲ್ಲ. ಅಂಗಡಿ ಪಕ್ಕದ ಮಳಿಗೆಗೂ ಹಬ್ಬಿದೆ. ಹೊಸ ಟೇಪಿನ ಮೂತಿ ಕತ್ತರಿಸುವವಳು ನಾನು, ಬಟ್ಟೆ ಕತ್ತರಿಸುವವಳೂ ನಾನೇ. ಅಳತೆ ತೆಗೆದು ಕೂಗುವವಳು ಗುಂಡುಸೂಜಿ.

ಅವಳು ಕೂಗಿದ ಅಳತೆಯಲ್ಲಿ ಒಂದು ಕಳೆಯುವ ಮುನ್ನ, ಏನಾದರೂ ನೆಪ ಹೂಡಿ ಎದ್ದುಹೋಗಿ ಅವಳ ಕೈಯಲ್ಲಿರುವ ಟೇಪಿನ ತುದಿ ನೋಡಿ ಬರುತ್ತಿದ್ದೆ. ನಾನೇ ಕತ್ತರಿಸಿದ ಟೇಪು, ಆದರೂ ನೋಡದೆ ಕತ್ತರಿ ಇಡಲು ಧೈರ್ಯವಿರಲಿಲ್ಲ. ಒಂದು ಸಲವೂ ಅವಳು ಟೇಪು ಬದಲಿಸಿರಲಿಲ್ಲ. ಎರಡು ವರ್ಷದಿಂದ ನನಗೆ ಮಂಡಿ ನೋವು, ಪದೇ ಪದೇ ಏಳಲಾಗುವುದಿಲ್ಲ. ಅದು ಅವಳಿಗೆ ಗೊತ್ತು. ಈಗ ಅಳತೆ ಕೂಗುವ ಮೊದಲು ಅವಳೇ ಟೇಪಿನ ತುದಿಯನ್ನು ನನ್ನ ಕಡೆಗೆ ಎತ್ತಿ ಹಿಡಿಯುತ್ತಾಳೆ. ಮೊದಲ ಇಂಚು ಇರುವುದಿಲ್ಲ. ನಾನು ತಲೆಯಾಡಿಸುತ್ತೇನೆ, ಅವಳು ಕೂಗುತ್ತಾಳೆ. ಅದು ನಮ್ಮ ಅಂಗಡಿಯ ಹಳೆಯ ಪದ್ಧತಿ ಎಂದು ಗಿರಾಕಿಗಳು ತಿಳಿದುಕೊಂಡಿದ್ದಾರೆ.