ಶಾಲು ಹೊದಿಸಿದ ತಪ್ಪು

ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಕೊಳ್ಳೇಗಾಲದಲ್ಲಿ ಹಳೆಯ ರೇಷ್ಮೆ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಚಿತ್ರಶಾಲೆ ಮಾಡಿದೆ. ಭಾನುವಾರ ಯಾರು ಬೇಕಾದರೂ ಬಂದು ಚಿತ್ರ ಬರೆಯಬಹುದು ಎಂದು ಬಾಗಿಲಿಗೆ ಬೋರ್ಡು ಹಾಕಿದ್ದೆ. ಯಾರು ಬೇಕಾದರೂ ಎಂದರೆ ಯಾರು ಯಾರು ಎಂದು ಯೋಚಿಸಿರಲಿಲ್ಲ.

ಲೊಕ್ಕನಹಳ್ಳಿಯಿಂದ ಒಬ್ಬ ತಾಯಿ ಮೂವತ್ತರ ಹತ್ತಿರದ ಮಗಳನ್ನು ಕರೆತರುತ್ತಿದ್ದಳು. ಮಗಳಿಗೆ ಆಟಿಸಂ ಇದೆಯೆಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಮಾತು ಕಡಿಮೆ, ಯಾರ ಮುಖವನ್ನೂ ನೋಡುವುದಿಲ್ಲ. ಇದ್ದಿಲಿನಲ್ಲಿ ದನ ಬರೆಯುತ್ತಿದ್ದಳು, ಮೇಯಲು ಹೊರಟ ಹಿಂಡನ್ನು ಹಿಂದಿನಿಂದ ಕಂಡ ಹಾಗೆ. ಒಂದೊಂದರ ನಡಿಗೆಯೂ ಬೇರೆ. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ ನನ್ನ ಕೈಗೆ ಆ ಗೆರೆ ಬಂದದ್ದಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ವರ್ಷದ ಪ್ರದರ್ಶನದಲ್ಲಿ ಅವಳಿಗೆ ಸನ್ಮಾನ ಆಗಲೇಬೇಕೆಂದು ಹಟ ಹಿಡಿದವನು ನಾನೇ. ನಮ್ಮ ಕಡೆ ಮರ್ಯಾದೆ ಎಂದರೆ ಮೈಕು, ಹಾರ, ಪೇಟ, ಶಾಲು. ಹಿಂದೆ ಸರಿಯುವವರನ್ನು ಕೈಹಿಡಿದು ವೇದಿಕೆಗೆ ಎಳೆಯುವುದೂ ಮರ್ಯಾದೆಯೇ. ಅವಳು ಕೈ ಬಿಡಿಸಿಕೊಂಡಳು. ನಾಚಿಕೆಯೆಂದುಕೊಂಡು ಮತ್ತೆ ಹಿಡಿದೆ. ಮೈಕು ಕೀರಲಾಗಿ ಕೂಗಿತು, ಚಪ್ಪಾಳೆ ಬಿತ್ತು, ಶಾಲು ಹೆಗಲಿಗೆ ತಾಗಿತು. ಅವಳು ಕಿರುಚಿ, ಶಾಲನ್ನು ಕಿತ್ತೆಸೆದು, ಮೇಜಿನಡಿ ಹೊಕ್ಕು ಕಿವಿ ಮುಚ್ಚಿಕೊಂಡು ಕೂತಳು.

ತಾಯಿಯೇ ನನ್ನ ಕ್ಷಮೆ ಕೇಳಿದಳು. "ತಪ್ಪು ತಿಳ್ಕಬ್ಯಾಡಿ ಸಾ. ಇನ್ನು ಕರ್ಕಬರಕ್ಕಿಲ್ಲ."

ತಪ್ಪು ನನ್ನದು ಎನ್ನುವುದನ್ನು ಬಿಟ್ಟು ನಾನು ನೆಲಕ್ಕೆ ಬಿದ್ದ ಶಾಲನ್ನು ಎತ್ತಿಕೊಂಡೆ.

ಮೂರು ಭಾನುವಾರ ಅವಳ ಕುರ್ಚಿ ಖಾಲಿ ಇತ್ತು. ಆಮೇಲೆ ಒಂದು ದಿನ ಬಸ್ಸು ಹತ್ತಿ, ಹನೂರು ದಾಟಿ, ಅವರ ಮನೆಗೆ ಹೋದೆ. ಮಗಳು ಅವತ್ತಿನಿಂದ ಇದ್ದಿಲು ಮುಟ್ಟಿಲ್ಲ ಎಂದಳು ತಾಯಿ. ಏನು ಮಾಡಿದರೆ ಬರುತ್ತಾಳೆ ಎಂದು ಕೇಳಿದೆ.

"ಏನೂ ಮಾಡ್ಬ್ಯಾಡಿ ಸಾ. ಅಷ್ಟು ಮಾಡುದ್ರೆ ಸಾಕು."

ಏನೂ ಮಾಡದಿರುವುದಕ್ಕೆ ಒಂದು ವಾರ ಹಿಡಿಯಿತು. ಮೈಕನ್ನು ಅಟ್ಟಕ್ಕೆ ಹಾಕಿದೆ. ಕಟಕಟ ಎನ್ನುವ ಫ್ಯಾನು ನಿಲ್ಲಿಸಿದೆ. ಅವಳ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಅವಳು ಬಂದರೆ ಯಾರೂ ಮಾತಾಡಿಸಕೂಡದು ಎಂದದ್ದಕ್ಕೆ ಯಳಂದೂರಿನಿಂದ ಬರುವ ನನ್ನ ಗೆಳೆಯ, ನಿವೃತ್ತ ಗುಮಾಸ್ತ, ಸಿಟ್ಟಾದ.

"ಬಂದೋರ್ನ ಉಂಡ್ರಾ ಅಂತ್ಲೂ ಕೇಳ್ಬಾರ್ದಾ? ಇದೇನ್ಲಾ, ಸೂತಕದ ಮನೆಯಾ?"

ಅವನನ್ನು ಒಪ್ಪಿಸುವುದು ಫ್ಯಾನು ನಿಲ್ಲಿಸಿದಷ್ಟು ಸುಲಭವಾಗಲಿಲ್ಲ.

ಆ ಭಾನುವಾರ ತಾಯಿ ಮಗಳು ಬಾಗಿಲಲ್ಲಿ ನಿಂತರು. ಯಾರೂ ತಲೆಯೆತ್ತಲಿಲ್ಲ. ಗುಮಾಸ್ತ ತುಟಿ ಕಚ್ಚಿಕೊಂಡು ಬಾಳೆಗೊನೆ ಬರೆಯುತ್ತಿದ್ದ. ಬಹಳ ಹೊತ್ತಾದ ಮೇಲೆ ಅವಳು ಒಳಗೆ ಬಂದು ಕೂತಳು. ಮಧ್ಯಾಹ್ನದವರೆಗೂ ಹಾಳೆಯ ಮೇಲೆ ಇದ್ದಿಲು ಉಜ್ಜುವ ಸದ್ದು ಕೇಳುತ್ತಿತ್ತು.

ಎದ್ದಾಗ ಅವಳ ಕೈಯೆಲ್ಲ ಕಪ್ಪಾಗಿತ್ತು. ಅವತ್ತು ಕಿತ್ತೆಸೆದ ಶಾಲನ್ನು ಮಡಚಿ ಕಪಾಟಿನ ಮೇಲೆ ಇಟ್ಟಿದ್ದೆ. ಅದನ್ನು ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡಳು, ಜರಿಯಂಚನ್ನೂ ಬಿಡದೆ. ತಾಯಿ ಹೌಹಾರಿ ಕಸಿಯಲು ಹೋದಳು. ನಾನು ಬೇಡವೆಂದು ತಲೆಯಾಡಿಸಿದೆ. ಮಗಳು ಶಾಲು ಮಡಚಿ ತನ್ನ ಕುರ್ಚಿಯ ಮೇಲಿಟ್ಟು, ಗೋಡೆ ನೋಡಿಕೊಂಡೇ ಹೇಳಿದಳು:

"ಅಲ್ಲೇ ಇರ್ಲಿ. ಬರೋ ವಾರಕ್ಕೆ ಬೇಕು."