ಚಿಂಗಿಗೂ ಉಡಿ ತುಂಬಿದರು

ಹೊರಗೆ ಕಾರು ಕಾಯುತ್ತಿತ್ತು. ಪಕ್ಕದ ಮನೆಯ ಚೆನ್ನವ್ವ ನನಗೆ ಉಡಿ ತುಂಬಿ ಮುಗಿಸಿದವರೇ ಇನ್ನೊಂದು ಕುಪ್ಪಸದ ಖಣ ಬಿಚ್ಚಿ, ನನ್ನ ಬೆಕ್ಕು ಚಿಂಗಿಯ ಪಂಜರದ ಮುಂದೆ ಕೂತುಬಿಟ್ಟರು.

ನರ್ಸ್ ಕೆಲಸಕ್ಕೆಂದು ಕಲಘಟಗಿಯಿಂದ ಜರ್ಮನಿಗೆ ಹೊರಟಿದ್ದೆ. ಮಣ್ಣು ತುಂಬಿದ ಕುಂಡಗಳನ್ನು ಒಯ್ಯುವಂತಿಲ್ಲವೆಂದು ನನ್ನ ಗಿಡಗಳೆಲ್ಲ ಆಗಲೇ ಚೆನ್ನವ್ವನ ಕಟ್ಟೆ ಸೇರಿದ್ದವು. ಚುಚ್ಚುಮದ್ದು ಹಾಕಿಸಿಕೊಂಡು ನನ್ನ ಜೊತೆ ಹೊರಟದ್ದು ಚಿಂಗಿ ಮಾತ್ರ. ಹಾಲು ಕದಿಯುತ್ತದೆಂದು ಇದೇ ಚೆನ್ನವ್ವ ಅದರ ಮೇಲೆ ಕಸಬರಿಗೆ ಎಸೆಯದ ದಿನವಿರಲಿಲ್ಲ!

“ಬೆಕ್ಕಿಗೆ ಯಾರರ ಉಡಿ ತುಂಬ್ತಾರೇನ್ರಿ?” ಎಂದು ನಕ್ಕೆ.

ಅವರು ನಗಲಿಲ್ಲ. “ನಮ್ಮ ಓಣ್ಯಾಗ ಹುಟ್ಟಿದ ಹೆಣ್ಣುಮಗಳು ಬರೇ ಉಡಿಲೆ ಹೋಗಬಾರದು ತಂಗಿ. ನಾಗರ ಪಂಚಮಿಗೆ ತವರಿಗೆ ಕರಕೊಂಡ್ ಬಾ,” ಎನ್ನುತ್ತ ಪಂಜರಕ್ಕೆ ಅರಿಸಿನ ಕುಂಕುಮ ಹಚ್ಚಿ, ಅಕ್ಕಿಯನ್ನೂ ಕೊಬ್ಬರಿ ಬಟ್ಟಲನ್ನೂ ಖಣದಲ್ಲಿಟ್ಟು ಗಂಟು ಕಟ್ಟಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಕ್ಕಿ, ಕೊಬ್ಬರಿಯನ್ನು ನನ್ನ ಅಮ್ಮನಿಗೆ ಒಪ್ಪಿಸಿ, ಖಣವನ್ನು ಚಿಂಗಿಗೆ ಹಾಸಿಗೆ ಮಾಡಿದೆ. ವಿಮಾನ ಪ್ರಯಾಣದುದ್ದಕ್ಕೂ ಅದರ ಮೇಲೆಯೇ ಮಲಗಿ ಬಂತು.

ಮೊನ್ನೆ ಪಂಚಮಿಗೆ ಚೆನ್ನವ್ವನ ವಿಡಿಯೊ ಕರೆ ಬಂತು. ಅವರ ಹಿಂದೆ ನನ್ನ ದಾಸವಾಳ ಮೈತುಂಬ ಹೂ ಬಿಟ್ಟಿತ್ತು. ನಾನು ಬಾಯಿ ತೆರೆಯುವಷ್ಟರಲ್ಲೇ, “ನೀ ಬಾಜೂ ಸರಿ, ಮದ್ಲ ನನ್ನ ಮಗಳ ಮಾರಿ ತೋರ್ಸು,” ಎಂದರು. ಖಣದ ಮೇಲೆ ನಿದ್ದೆ ಹೊಡೆಯುತ್ತಿದ್ದ ಮಗಳು ಆ ದನಿ ಕೇಳಿದ್ದೇ ತಡ, ಕಸಬರಿಗೆ ಬಂತೆಂದು ಸೋಫಾದ ಕೆಳಗೆ ಓಡಿದಳು.