ದಾಸವಾಳದ ಬುಡಕ್ಕೆ ಸುರಿದ ಹಾಲು

ಆ ವರ್ಷ ಮಾರ್ಚಿನಲ್ಲೇ ಮೆಣಸೆಯ ನಮ್ಮ ಮನೆಯ ಬಾವಿ ತಳ ಕಂಡಿತ್ತು. ನನ್ನ ಮಗಳಿಗೆ ಏಳು ತಿಂಗಳು. ಬೆಳಿಗ್ಗೆ ವಾಂತಿ ಮಾಡಿದಳು, ಮಧ್ಯಾಹ್ನದ ಹೊತ್ತಿಗೆ ಭೇದಿಯೂ ಶುರುವಾಯಿತು. ಒಗೆದ ಬಟ್ಟೆ ಹರವಲು ತಂತಿಯ ಮೇಲೆ ಜಾಗ ಉಳಿಯಲಿಲ್ಲ.

ಅತ್ತೆ ಕಾರಣ ಹುಡುಕಿದರು. ಹಿಂದಿನ ದಿನ ನಾನು ಕೊಟ್ಟಿಗೆಗೆ ಹಾಸಲು ಗುಡ್ಡದಲ್ಲಿ ಒಣಗಿ ಉದುರಿದ ಎಲೆಯ ದರಗು ಗುಡಿಸಿ, ಬಿಸಿಲಿನಿಂದ ಬಂದವಳೇ ಮಗುವಿಗೆ ಹಾಲು ಕೊಟ್ಟಿದ್ದೆ.

"ಕಾದ ಹಾಲು ಕಣೆ ಅದು, ನಂಜಾಗಿದೆ. ಇನ್ನು ಎದೆಗೆ ಹಾಕ್ಬೇಡ. ಹೊಟ್ಟೆ ಖಾಲಿ ಬಿಟ್ರೆ ತನ್ನಿಂದ ತಾನೇ ನಿಲ್ತದೆ."

ಅತ್ತೆ ಕೆಟ್ಟವರಲ್ಲ. ಮಗುವನ್ನು ತೊಡೆಯಿಂದ ಇಳಿಸದೆ ಕೂತವರು ಅವರೇ. ಆಗೊಮ್ಮೆ ಈಗೊಮ್ಮೆ ಒಂದು ಚಮಚ ಜೀರಿಗೆ ಕಷಾಯ ಕುಡಿಸುತ್ತಿದ್ದರು, ಅಷ್ಟೇ. ನನಗೆ ಸಿಟ್ಟು ನನ್ನ ಮೇಲೆ. ನಾನು ಪಿಯುಸಿ ಓದಿದವಳು. ಅಂಗನವಾಡಿಯಲ್ಲಿ ಕೊಟ್ಟ ಓಆರ್‌ಎಸ್ ಪೊಟ್ಟಣ ಕನ್ನಡಿಯ ಹಿಂದೆಯೇ ಇತ್ತು, ಅದರ ಮೇಲಿದ್ದದ್ದನ್ನು ಓದಿಯೂ ಇದ್ದೆ. ಒಮ್ಮೆ ಬಾಯಿ ತೆರೆದೆ.

"ನೀರು ಕುಡಿಸಿದ್ರೆ ಇನ್ನಷ್ಟು ನೀರೇ ಹೋಗ್ತದೆ ಮಾರಾಯ್ತಿ" ಎಂದರು. ಮುಚ್ಚಿಕೊಂಡೆ. ಎದುರಾಡದ ಸೊಸೆ ಎಂಬ ಹೆಸರು ನನಗೆ ಬಹಳ ಹಿತವಾಗಿತ್ತು.

ಎದೆ ಕಟ್ಟಿ ಕಲ್ಲಾಗುತ್ತಿತ್ತು. ಹಿಂಡಿ ತೆಗೆದ ಹಾಲನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು ಎಂಬುದು ನಮ್ಮಲ್ಲಿನ ಕ್ರಮ. ಎರಡು ದಿನ ಲೋಟ ಹಿಡಿದು ಹೋಗಿ ಬಾವಿಕಟ್ಟೆಯ ಪಕ್ಕದ ದಾಸವಾಳಕ್ಕೆ ಸುರಿದೆ. ಒಳಗಿಂದ ಮಗಳ ಅಳು ಕೇಳುತ್ತಿತ್ತು. ಮೂರನೆಯ ದಿನವೂ ಅಳುತ್ತಿದ್ದಳು, ಆದರೆ ಕಣ್ಣೀರು ಬರುತ್ತಿರಲಿಲ್ಲ. ನೆತ್ತಿ ಗುಳಿ ಬಿದ್ದಿತ್ತು. ಆಗ ನನ್ನ ಗಂಡ ಪಕ್ಕದ ಮನೆಯವರ ಜೀಪು ತಂದರು.

ಕೊಪ್ಪದಲ್ಲಿ ಡಾಕ್ಟರು ಮಗುವಿನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಅದು ಹಾಗೇ ಎದ್ದು ನಿಂತಿತ್ತು.

"ಹಾಲು ಕುಡೀತಾಳಾ?"

ನಾನು ಜೊತೆಗೆ ಬಂದಿದ್ದ ಅತ್ತೆಯ ಕಡೆ ನೋಡಿದೆ. ಅತ್ತೆ ಹೇಳಿದರು: "ನಿಲ್ಸಿ ಎರಡು ದಿನ ಆಯ್ತು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಲೇ ಎದೆಗೆ ಹಾಕಿ ಎಂದು ನನಗೆ ಹೇಳಿ, ಡ್ರಿಪ್ ಹಾಕಲು ನರ್ಸನ್ನು ಕೂಗಿದರು. ಮಗಳ ಬಾಯಿಗೆ ಹಿಡಿದೆ. ಚೀಪುವ ಶಕ್ತಿಯೇ ಇರಲಿಲ್ಲ. ಹಾಲು ತಾನಾಗಿ ಇಳಿದು ಅವಳ ಗಲ್ಲದಿಂದ ನನ್ನ ಸೀರೆಗೆ ಹರಿಯಿತು. ನರ್ಸು ಆ ಪುಟ್ಟ ಕೈಯಲ್ಲಿ ನರ ಹುಡುಕುತ್ತಲೇ ಇದ್ದಳು. ಸಂಜೆಯೊಳಗೆ ಎಲ್ಲ ಮುಗಿಯಿತು.

ಮರುದಿನ ಬೆಳಿಗ್ಗೆ ಎದೆ ಮತ್ತೆ ತುಂಬಿತು. ಅದಕ್ಕೇನು ಗೊತ್ತು? ಲೋಟ ತೆಗೆದುಕೊಂಡು ಹೊರಗೆ ಹೋದೆ. ಬಾವಿಕಟ್ಟೆಯ ಮೇಲೆ ಕೂತಿದ್ದ ಅತ್ತೆ ನನ್ನನ್ನು ಕಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸುರಿಯಲು ಬೇರೆ ಜಾಗ ತೋಚಲಿಲ್ಲ. ಅದೇ ದಾಸವಾಳದ ಬುಡಕ್ಕೆ ಸುರಿದೆ.